ಬೇರ್ ಆ್ಯಕ್ಟ್, ಕಾಮೆಂಟರಿ, ವಿದ್ವಾಂಸರ ಗ್ರಂಥ: ಹೊಸ ವಕೀಲರು ಮೊದಲ ದುಡ್ಡನ್ನು ಯಾವುದಕ್ಕೆ ಹಾಕಬೇಕು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಸನ್ನದು ಸಿಕ್ಕಿ ಎರಡು ವರ್ಷ ಆಯಿತು. ನನಗೆ ಬರುವುದು ಜಾಸ್ತಿ ಪಾಲು ಕೇಳುವ ದಾವೆ, ಹೊಲದ ತಕರಾರಿನ ತಡೆಯಾಜ್ಞೆ, ಚೆಕ್ ಬೌನ್ಸ್. ಆಗೊಮ್ಮೆ ಈಗೊಮ್ಮೆ ಜಾಮೀನು ಅರ್ಜಿ. ಪುಸ್ತಕಕ್ಕೆ ಅಂತ 25,000 ರೂಪಾಯಿ ಕೂಡಿಟ್ಟಿದ್ದೇನೆ. ವಕೀಲರ ಸಂಘಕ್ಕೆ ಬರುವ ಪುಸ್ತಕದ ಏಜೆಂಟ್ ಒಬ್ಬರು ಸಿವಿಲ್ ಪ್ರಕ್ರಿಯಾ ಸಂಹಿತೆಯ ದೊಡ್ಡ ಕಾಮೆಂಟರಿ ಸೆಟ್ಟನ್ನು ಕಂತಿನ ಮೇಲೆ ಕೊಡುತ್ತೇನೆ ಅನ್ನುತ್ತಿದ್ದಾರೆ. ನನ್ನ ಸೀನಿಯರ್, "ಒಳ್ಳೆಯ ವಿದ್ವಾಂಸರು ಬರೆದದ್ದನ್ನು ಓದು, ತಲೆ ಬೆಳೆಯುತ್ತೆ" ಅನ್ನುತ್ತಾರೆ. ಜೊತೆಯವರು, "ಮೊಬೈಲ್ ಇದೆಯಲ್ಲ, ಪುಸ್ತಕ ಯಾಕೆ" ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಎರಡು ವರ್ಷದ ವಕೀಲಿಯಲ್ಲಿ 25,000 ರೂಪಾಯಿ ಕೂಡಿಸಿ, ಅದನ್ನು ಪುಸ್ತಕಕ್ಕೆ ಇಡುವುದು ಸಣ್ಣ ಮಾತಲ್ಲ. ಆ ದುಡ್ಡು ವ್ಯರ್ಥ ಆಗಬಾರದು. ಅದಕ್ಕೇ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ದೊಡ್ಡ ಸೆಟ್ಟಿಗೆ ಈಗಲೇ ಸಹಿ ಹಾಕಬೇಡಿ. ಮೊದಲು ಈ ವರ್ಷದ ಬೇರ್ ಆ್ಯಕ್ಟ್‌ಗಳು, ಅಂದರೆ ವಿವರಣೆ ಇಲ್ಲದೆ ಕಾಯ್ದೆಯ ಮೂಲ ಪಾಠ ಮಾತ್ರ ಇರುವ ಪುಸ್ತಕಗಳು, ಮತ್ತು ಕರ್ನಾಟಕದ ನಿಯಮಗಳ ಪುಸ್ತಕಗಳು. ಆಮೇಲೆ ನಿಮಗೆ ಅತಿ ಹೆಚ್ಚು ಕೇಸು ಬರುವ ಒಂದೇ ಒಂದು ವಿಷಯದಲ್ಲಿ ಒಳ್ಳೆಯ ಕಾಮೆಂಟರಿ, ಅಂದರೆ ಪ್ರತಿ ಕಲಮನ್ನೂ ತೀರ್ಪುಗಳ ಸಮೇತ ವಿವರಿಸುವ ಪುಸ್ತಕ. ಜೊತೆಗೆ ಹಳೆಯದಾದರೂ ಪರವಾಗಿಲ್ಲ, ಮೊದಲಿನಿಂದ ಕೊನೆಯವರೆಗೆ ಓದುವಂಥ ಒಂದು ವಿದ್ವತ್ ಗ್ರಂಥ. ಯಾಕೆ ಈ ಕ್ರಮ ಅನ್ನುವುದನ್ನು ಈಗ ಬಿಡಿಸಿ ಹೇಳುತ್ತೇನೆ.

ರೆಫರೆನ್ಸ್ ಪುಸ್ತಕ ಬೇಕಾಗುವುದು ಉತ್ತರ ಎಲ್ಲೋ ಇದೆ ಅಂತ ನಿಮಗೆ ಗೊತ್ತಿರುವಾಗ. ಎಷ್ಟು ದಿನದೊಳಗೆ ನೋಟಿಸ್ ಕೊಡಬೇಕು? ಕೋರ್ಟ್ ಶುಲ್ಕ ಯಾವ ಕಲಮಿನಲ್ಲಿ ಬರುತ್ತೆ? ಕಾಲಮಿತಿ ಮೂರು ವರ್ಷವೋ ಹನ್ನೆರಡೋ? ಪುಸ್ತಕ ತೆರೆಯುತ್ತೀರಿ, ಸಿಗುತ್ತೆ, ಮುಚ್ಚುತ್ತೀರಿ. ವಿದ್ವಾಂಸರ ಪುಸ್ತಕ ಬೇಕಾಗುವುದು ಕಾನೂನಿನ ಮಾತು ಎದುರಿಗೇ ಇದ್ದರೂ ಅದು ನಿಮ್ಮ ಕಕ್ಷಿದಾರರಿಗೆ ಹೇಗೆ ತಾಗುತ್ತೆ ಅಂತ ಗೊತ್ತಾಗದಿದ್ದಾಗ. ಕಾಮೆಂಟರಿ ಇವೆರಡರ ನಡುವೆ ನಿಂತಿದೆ. ಅದಕ್ಕೇ ಗೊಂದಲ ಹುಟ್ಟುವುದು.

ನಿಮಗೆ ಹೆಚ್ಚು ಬರುವ ಪಾಲಿನ ದಾವೆಯನ್ನೇ ತೆಗೆದುಕೊಳ್ಳೋಣ. ಒಬ್ಬ ಹೆಣ್ಣುಮಗಳು ನಿಮ್ಮ ಬಳಿ ಬರುತ್ತಾಳೆ. ತಂದೆ 2001ರಲ್ಲಿ ತೀರಿಕೊಂಡಿದ್ದಾರೆ. ಪಿತ್ರಾರ್ಜಿತ ಹೊಲ ಇದೆ. ಅಣ್ಣತಮ್ಮಂದಿರು ಪಾಲು ಕೊಡುವುದಿಲ್ಲ ಅನ್ನುತ್ತಿದ್ದಾರೆ. ನೀವು ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಬೇರ್ ಆ್ಯಕ್ಟ್ ತೆರೆದು ಕಲಂ 6 ಓದುತ್ತೀರಿ. 2005ರ ಸೆಪ್ಟೆಂಬರ್ 9ರಿಂದ ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಸಹದಾಯಾದಿ, ಅಂದರೆ ಕೂಡುಕುಟುಂಬದ ಆಸ್ತಿಯಲ್ಲಿ ಪಾಲುದಾರಳು, ಅಂತ ಅಲ್ಲಿ ಬರೆದಿದೆ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೆ? ಅದರ ಬಗ್ಗೆ ಕಲಂ ಬಾಯಿ ಬಿಡುವುದಿಲ್ಲ.

ಈಗ 2016ರಲ್ಲಿ ಅಚ್ಚಾದ ಕಾಮೆಂಟರಿ ತೆರೆಯಿರಿ. ಪ್ರಕಾಶ್ ವಿರುದ್ಧ ಫೂಲವತಿ ಕೇಸಿನಲ್ಲಿ 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, 2005ರ ಸೆಪ್ಟೆಂಬರ್ 9ಕ್ಕೆ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು ಅಂದಿತು ಅಂತ ಅದರಲ್ಲಿ ಬರೆದಿರುತ್ತೆ. ಅದನ್ನು ನಂಬಿದರೆ ಆ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುತ್ತೀರಿ. 2019ರ ಆವೃತ್ತಿಯಲ್ಲಿ ಇನ್ನೊಂದು ಬರುತ್ತೆ. ದಾನಮ್ಮ ಕೇಸು. 2018ರ ಫೆಬ್ರವರಿ 1ರ ತೀರ್ಪು. ಅಲ್ಲಿ ತಂದೆ ತೀರಿಕೊಂಡಿದ್ದು 2001ರಲ್ಲೇ, ಆದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಕೇಸುಗಳು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದವು. ಒಂದು ಒಂದು ಕಡೆ ಎಳೆದರೆ ಇನ್ನೊಂದು ಇನ್ನೊಂದು ಕಡೆ. ಆ ಎರಡು ವರ್ಷ ತಾಲ್ಲೂಕು ಕೋರ್ಟುಗಳಲ್ಲಿ ಎರಡೂ ಕಡೆಯ ವಕೀಲರು ಒಂದೊಂದು ತೀರ್ಪು ಹಿಡಿದು ನಿಲ್ಲುತ್ತಿದ್ದರು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರ ಪೀಠ ಗಂಟು ಬಿಡಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಅಂತ ಹೇಳಿತು.

ಗಮನಿಸಿ, 2005ರಿಂದ 2020ರವರೆಗೆ ಕಲಂ 6ರಲ್ಲಿ ಈ ಬಗ್ಗೆ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಅರ್ಥ. ಬರೀ ಬೇರ್ ಆ್ಯಕ್ಟ್ ಇಟ್ಟುಕೊಂಡವರಿಗೆ ಇದು ಕಾಣುತ್ತಿರಲಿಲ್ಲ. ಹಳೆಯ ಕಾಮೆಂಟರಿ ಇಟ್ಟುಕೊಂಡವರಿಗೆ ತಪ್ಪಾಗಿ ಕಾಣುತ್ತಿತ್ತು. ಎರಡನೆಯದೇ ಜಾಸ್ತಿ ಅಪಾಯ. ಏನೂ ಗೊತ್ತಿಲ್ಲದವರು ಹುಡುಕುತ್ತಾರೆ. ತಪ್ಪು ಗೊತ್ತಿರುವವರು ಹುಡುಕುವುದೇ ಇಲ್ಲ.

ಇಲ್ಲಿ ಇನ್ನೊಂದು ಎಳೆ ಇದೆ. ಕರ್ನಾಟಕ 1994ರ ಜುಲೈ 30ರಿಂದಲೇ ತನ್ನದೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಬಿಟ್ಟಿತ್ತು. ನಿಮ್ಮ ಎದುರು ಪಕ್ಷದವರು ಇವತ್ತಿಗೂ "ಮದುವೆ 1994ಕ್ಕಿಂತ ಮುಂಚೆ ಆಗಿದೆ" ಅಂತ ತಕರಾರು ಎತ್ತುತ್ತಾರೆ, ಅಲ್ವಾ? ರಾಜ್ಯದ ತಿದ್ದುಪಡಿ, ಕೇಂದ್ರದ ತಿದ್ದುಪಡಿ, ಇವೆರಡರ ಸಂಬಂಧ ಏನು ಅನ್ನುವುದನ್ನು ಒಂದು ಒಳ್ಳೆಯ ಕಾಮೆಂಟರಿ ಅರ್ಧ ಪುಟದಲ್ಲಿ ಬಿಡಿಸಿ ಹೇಳುತ್ತೆ. ತೀರ್ಪುಗಳ ಸಾರಾಂಶ ಒಟ್ಟುಮಾಡಿದ ಡೈಜೆಸ್ಟ್ ಇಪ್ಪತ್ತು ಹೆಡ್‌ನೋಟ್ ಕೊಟ್ಟು ಸುಮ್ಮನಾಗುತ್ತೆ. ಬರೀ ಇಸವಿಗಳ ಲೆಕ್ಕ ಇಟ್ಟುಕೊಂಡರೂ ಸಾಲದು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲುಪಟ್ಟಿಯನ್ನು ಕಾಯ್ದೆ ಕಾಪಾಡಿದೆ, ಆದರೆ ಬಾಯಿ ಮಾತಿನ ಪಾಲನ್ನು ಸುಲಭವಾಗಿ ಒಪ್ಪಬಾರದು ಅಂತ ಅದೇ 2020ರ ತೀರ್ಪಿದೆ. ನಮ್ಮ ಹಳ್ಳಿಗಳಲ್ಲಿ ಪಾಲು ಆಗುವುದೇ ಪಂಚರ ಎದುರು ಬಾಯಿ ಮಾತಿನಲ್ಲಿ. ಹಾಗಾಗಿ ನಿಮ್ಮ ಇಡೀ ಕೇಸು ಈ ಒಂದು ಮಾತಿನ ಮೇಲೆ ನಿಂತಿರಬಹುದು.

ಇನ್ನು ನಿಮ್ಮ ಸೀನಿಯರ್ ಹೇಳಿದ ಮಾತು. ವಿನೀತಾ ಶರ್ಮಾ ತೀರ್ಪನ್ನು ಪೂರ್ತಿ ಓದಿ ನೋಡಿ. ಅದರ ಬೆನ್ನೆಲುಬು ಅಪ್ರತಿಬಂಧ ದಾಯ, ಸಪ್ರತಿಬಂಧ ದಾಯ ಅನ್ನುವ ಎರಡು ಮಾತುಗಳು. ಹುಟ್ಟಿದ ಕೂಡಲೇ ಬರುವ ಹಕ್ಕು ಒಂದು, ಇನ್ನೊಬ್ಬರು ಸತ್ತ ಮೇಲೆ ಬರುವ ಹಕ್ಕು ಇನ್ನೊಂದು. ಮಗಳದ್ದು ಮೊದಲನೆಯ ಬಗೆ ಅಂದ ಮೇಲೆ ತಂದೆ ಯಾವಾಗ ತೀರಿಕೊಂಡರು ಅನ್ನುವುದು ಅಡ್ಡ ಬರುವುದಿಲ್ಲ. ಈ ಮಾತುಗಳು ಮಿತಾಕ್ಷರದವು. ಮಿತಾಕ್ಷರ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅದೂ ಒಂದು ಕಾಮೆಂಟರಿಯೇ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. 1810ರಲ್ಲಿ ಕೋಲ್‌ಬ್ರೂಕ್ ಅದರ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ಕೋರ್ಟುಗಳು ಅದನ್ನೇ ಹಿಡಿದು ತೀರ್ಪು ಕೊಟ್ಟವು. ನಮ್ಮ ನೆಲದಲ್ಲಿ ಕೂತು ಒಬ್ಬ ವಿದ್ವಾಂಸ ಬರೆದ ವಿವರಣೆ ಒಂಬತ್ತು ನೂರು ವರ್ಷದ ಮೇಲೂ ನಿಮ್ಮ ತಾಲ್ಲೂಕು ಕೋರ್ಟಿನ ದಾವೆಯನ್ನು ನಿರ್ಧರಿಸುತ್ತಿದೆ. ನನಗೆ ಇದು ಪ್ರತಿ ಸಲವೂ ಮೈ ಜುಮ್ಮೆನ್ನಿಸುವ ಸಂಗತಿ. ವಿದ್ವತ್ ಗ್ರಂಥ ಓದಿದವರಿಗೆ 2018ರಲ್ಲೇ, ತೀರ್ಪು ಬರುವುದಕ್ಕೆ ಎರಡು ವರ್ಷ ಮುಂಚೆಯೇ, ಈ ವಾದ ಕಟ್ಟಲು ಆಗುತ್ತಿತ್ತು. ಸೈಟೇಷನ್, ಅಂದರೆ ತೀರ್ಪಿನ ಉಲ್ಲೇಖ, ಮಾತ್ರ ಹುಡುಕುವವರು ತೀರ್ಪು ಬರುವವರೆಗೆ ಕಾಯಬೇಕಾಗಿತ್ತು.

ಹಾಗಾದರೆ ವಿದ್ವತ್ ಗ್ರಂಥವನ್ನೇ ಮೊದಲು ಕೊಳ್ಳಿ ಅಂತ ಯಾಕೆ ಹೇಳುತ್ತಿಲ್ಲ? ನನ್ನ ಅನುಭವ ಒಂದು ಹೇಳುತ್ತೇನೆ. 2006. ನನ್ನದೇ ಕಚೇರಿ ತೆರೆದು ಹೆಚ್ಚು ದಿನ ಆಗಿರಲಿಲ್ಲ. ಒಬ್ಬ ರೈತರು ಸಮನ್ಸ್ ಹಿಡಿದುಕೊಂಡು ಬಂದರು. ಸಮನ್ಸ್ ಮುಟ್ಟಿ 104 ದಿನ ಆಗಿತ್ತು. ಮಗನಿಗೆ ಹುಷಾರಿಲ್ಲದೆ ಆಸ್ಪತ್ರೆ ಅಲೆದಾಟದಲ್ಲಿ ಮರೆತಿದ್ದರು. ನಾನು ಬೇರ್ ಆ್ಯಕ್ಟ್ ತೆರೆದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 8 ರೂಲ್ 1. ರಿಟನ್ ಸ್ಟೇಟ್‌ಮೆಂಟ್, ನಿಮ್ಮ ಕಡೆ ಕೈಫಿಯತ್ ಅಂತಲೂ ಕರೆಯುತ್ತಾರಲ್ಲ, ದಾವೆಗೆ ಪ್ರತಿವಾದಿ ಕೊಡುವ ಆ ಲಿಖಿತ ಉತ್ತರವನ್ನು 30 ದಿನದೊಳಗೆ ಹಾಕಬೇಕು, ಕೋರ್ಟ್ ಅವಕಾಶ ಕೊಟ್ಟರೂ 90 ದಿನ ಮೀರುವಂತಿಲ್ಲ. 2002ರ ಜುಲೈ 1ರಿಂದ ಬಂದ ತಿದ್ದುಪಡಿ. ಮಾತು ಖಡಾಖಂಡಿತ. "ಇನ್ನು ಆಗಲ್ಲ" ಅಂತ ಅವರಿಗೆ ಹೇಳಿದೆ. ಅವರು ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡು ಏನೂ ಮಾತಾಡದೆ ಎದ್ದರು.

ಸಂಜೆ ನನ್ನ ಹಳೆಯ ಸೀನಿಯರ್ ಹತ್ತಿರ ಈ ವಿಷಯ ಬಂತು. ಅವರು ಎದ್ದು ಹೋಗಿ ಕಾಮೆಂಟರಿಯ ಪೂರಕ ಸಂಪುಟ ತಂದು ಎದುರಿಗಿಟ್ಟರು. ಕೈಲಾಶ್ ವಿರುದ್ಧ ನನ್ಹಕು, 2005. ಆ 90 ದಿನದ ಮಿತಿ ಕಡ್ಡಾಯವಲ್ಲ, ನ್ಯಾಯವಾದ ಕಾರಣ ಇದ್ದರೆ ಕೋರ್ಟ್ ಆಮೇಲೂ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಆ ರೈತರ ಊರಿಗೆ ಹೋದೆ. ಆಸ್ಪತ್ರೆಯ ಚೀಟಿಗಳನ್ನೆಲ್ಲ ತಂದು ಅರ್ಜಿ ಹಾಕಿದೆವು. ಕೋರ್ಟ್ ಖರ್ಚು ಕಟ್ಟಿಸಿಕೊಂಡು ಅವಕಾಶ ಕೊಟ್ಟಿತು. ಆ ಮನುಷ್ಯರು ಇನ್ನೊಬ್ಬ ವಕೀಲರನ್ನು ಕೇಳುವ ಚೈತನ್ಯವೂ ಇಲ್ಲದೆ ಮನೆಯಲ್ಲಿ ಕೂತಿದ್ದರು. ಸೀನಿಯರ್ ಕಪಾಟಿನಲ್ಲಿ ಆ ಪೂರಕ ಸಂಪುಟ ಇಲ್ಲದಿದ್ದರೆ ಒಂದು ಕುಟುಂಬದ ಹೊಲ ನನ್ನ ಅರ್ಧ ಓದಿನಿಂದ ಹೋಗುತ್ತಿತ್ತು.

ಅದೇ ರೂಲ್ ಇವತ್ತು ಇನ್ನೂ ಒಂದು ಉತ್ತರ ಕೊಡುತ್ತೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ವಾಣಿಜ್ಯ ದಾವೆಗಳಲ್ಲಿ 120 ದಿನ ಆದರೆ ಮುಗಿಯಿತು, ಹಕ್ಕೇ ಹೋಗುತ್ತೆ. ಅಲ್ಲಿ 2005ರ ತೀರ್ಪು ಹಿಡಿದುಕೊಂಡು ಹೋದರೆ ಉಪಯೋಗ ಇಲ್ಲ. ಅಂದರೆ ನಾನು ಅಂದು ಕಾಮೆಂಟರಿ ನೋಡದೆ ತಪ್ಪಿದೆ. ಇವತ್ತು ಇನ್ನೊಬ್ಬರು ಹಳೆಯ ಕಾಮೆಂಟರಿ ಮಾತ್ರ ನೋಡಿ ಬೇರ್ ಆ್ಯಕ್ಟ್ ನೋಡದೆ ತಪ್ಪಬಹುದು. ಎರಡೂ ಮೇಜಿನ ಮೇಲೆ ಬೇಕು. ಓದುವ ಕ್ರಮ ಮಾತ್ರ ಯಾವಾಗಲೂ ಒಂದೇ: ಮೊದಲು ಈ ವರ್ಷದ ಕಲಂ, ಆಮೇಲೆ ಕಾಮೆಂಟರಿ, ಆಮೇಲೆ ಆ ಕಾಮೆಂಟರಿ ತೋರಿಸಿದ ತೀರ್ಪನ್ನು ಪೂರ್ತಿ.

ಕಾಮೆಂಟರಿಗಳ ಬಗ್ಗೆ ಒಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮುಖಪುಟದ ಮೇಲಿನ ಹೆಸರು ಮತ್ತು ಒಳಗೆ ಬರೆದವರು ಬೇರೆ ಬೇರೆ ಆಗಿರಬಹುದು. ದಿನ್‌ಷಾ ಮುಲ್ಲಾ ಅವರ ಹಿಂದೂ ಕಾನೂನಿನ ಪುಸ್ತಕ ಮೊದಲು ಬಂದದ್ದು 1912ರಲ್ಲಿ. ಮುಲ್ಲಾ ತೀರಿಕೊಂಡದ್ದು 1934ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಹಾಗಾದರೆ ಕಲಂ 6ರ ಬಗ್ಗೆ "ಮುಲ್ಲಾ ಹೀಗೆ ಹೇಳಿದ್ದಾರೆ" ಅಂತ ಕೋರ್ಟಿನಲ್ಲಿ ಹೇಳುವುದು ಹೇಗೆ ಸರಿ? ಅದನ್ನು ಬರೆದವರು ನಂತರದ ಪರಿಷ್ಕರಣಕಾರರು. ಇದರಿಂದ ಪುಸ್ತಕದ ಬೆಲೆ ಕಡಿಮೆ ಆಗುವುದಿಲ್ಲ. ಒಳ್ಳೆಯ ಪರಿಷ್ಕರಣಕಾರರು ಸಿಕ್ಕರೆ ಪುಸ್ತಕ ನೂರು ವರ್ಷ ಬಾಳುತ್ತೆ. ಆದರೆ ಕೊಳ್ಳುವಾಗ ಮೂಲ ಲೇಖಕರ ಹೆಸರು ನೋಡಿ ಕೊಳ್ಳಬೇಡಿ. ಪರಿಷ್ಕರಿಸಿದವರು ಯಾರು, ಎಷ್ಟನೇ ಆವೃತ್ತಿ, ಮುನ್ನುಡಿಯ ಕೆಳಗೆ ಯಾವ ದಿನಾಂಕ ಇದೆ ಅಂತ ನೋಡಿ. ಕೋರ್ಟಿನಲ್ಲಿ ಹೇಳುವಾಗಲೂ ಆವೃತ್ತಿ ಸಮೇತ ಹೇಳಿ. ಇನ್ನೊಂದು, ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಸಂವಿಧಾನದ 141ನೇ ವಿಧಿಯ ಪ್ರಕಾರ ಎಲ್ಲ ಕೋರ್ಟುಗಳನ್ನು ಕಟ್ಟಿಹಾಕುತ್ತೆ. ಕಾಮೆಂಟರಿಗೆ ಆ ಬಲ ಇಲ್ಲ. ಅದು ದಾರಿ ತೋರಿಸುತ್ತೆ, ಅಷ್ಟೇ.

ಈಗ ನಿಮ್ಮ ಮೇಜಿಗೆ ಬರೋಣ. ಬೇರ್ ಆ್ಯಕ್ಟ್‌ಗಳಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ 1908, ಕಾಲಮಿತಿ ಕಾಯ್ದೆ 1963, ನಿರ್ದಿಷ್ಟ ಪರಿಹಾರ ಕಾಯ್ದೆ 1963, ಸ್ವತ್ತು ವರ್ಗಾವಣೆ ಕಾಯ್ದೆ 1882, ಹಿಂದೂ ಉತ್ತರಾಧಿಕಾರ ಕಾಯ್ದೆ, ವರ್ಗಾವಣೀಯ ಲಿಖಿತಗಳ ಕಾಯ್ದೆ 1881 (ಚೆಕ್ ಬೌನ್ಸ್ ಬರುವುದು ಇದರಲ್ಲೇ), ಮತ್ತು ಮೂರು ಹೊಸ ಕ್ರಿಮಿನಲ್ ಕಾನೂನುಗಳು. ನಿರ್ದಿಷ್ಟ ಪರಿಹಾರ ಕಾಯ್ದೆ 2018ರಲ್ಲಿ ಬಹಳ ಬದಲಾಗಿದೆ, ಕಾಲೇಜಿನಲ್ಲಿ ಓದಿದ ಹಳೆಯ ಪ್ರತಿ ಇದ್ದರೆ ಅದನ್ನು ನೆಚ್ಚಬೇಡಿ. ಇವೆಲ್ಲ ಸೇರಿದರೂ ಒಂದು ದೊಡ್ಡ ಕಾಮೆಂಟರಿ ಸೆಟ್ಟಿನಷ್ಟು ಖರ್ಚಾಗುವುದಿಲ್ಲ.

ಕರ್ನಾಟಕದ ಕಾಯ್ದೆಗಳ ಪುಸ್ತಕಗಳನ್ನು ಹೊಸ ವಕೀಲರು ತುಂಬಾ ಕಡೆಗಣಿಸುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ದಾವೆ ಕಚೇರಿ ಹಂತದಲ್ಲೇ ಆಕ್ಷೇಪಣೆ ಬಂದು ವಾಪಸ್ಸಾಗುವುದು ದೊಡ್ಡ ದೊಡ್ಡ ಸಿದ್ಧಾಂತ ಗೊತ್ತಿಲ್ಲದ್ದಕ್ಕಲ್ಲ. ಕೋರ್ಟ್ ಶುಲ್ಕ ಮತ್ತು ದಾವೆ ಮೌಲ್ಯಮಾಪನ ಕಾಯ್ದೆ 1958, ಕರ್ನಾಟಕ ಸ್ಟ್ಯಾಂಪ್ ಕಾಯ್ದೆ 1957, ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ 1967, ಭೂಕಂದಾಯ ಕಾಯ್ದೆ 1964, ಭೂಸುಧಾರಣೆ ಕಾಯ್ದೆ 1961. ನಿಮ್ಮ ಹೊಲದ ಕೇಸುಗಳೆಲ್ಲ ಈ ಐದರ ಮೇಲೆ ನಡೆಯುತ್ತವೆ. ತಡೆಯಾಜ್ಞೆ ಅರ್ಜಿಗೆ ಪಹಣಿ ಹಾಕುತ್ತೀರಿ. ಅದರಲ್ಲಿನ ನಮೂದು ಸರಿ ಅಂತ ಭಾವಿಸಬೇಕು, ತಪ್ಪು ಅಂತ ತೋರಿಸುವವರೆಗೆ, ಅನ್ನುವುದು ಭೂಕಂದಾಯ ಕಾಯ್ದೆಯ ಕಲಂ 133. ಎರಡು ಸಾಲಿನ ಕಲಂ. ದಿನಾ ಬೇಕಾಗುತ್ತೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧದ 1978ರ ಕಾಯ್ದೆಯನ್ನೂ ಇದಕ್ಕೆ ಸೇರಿಸಿ. ಜಮೀನು ವಾಪಸ್ ಕೇಳುವ ಅರ್ಜಿಯನ್ನು ಸೂಕ್ತ ಸಮಯದೊಳಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2023ರಲ್ಲಿ ರಾಜ್ಯ ಕಾಯ್ದೆಯನ್ನೇ ತಿದ್ದಿ, ಕಾಲಮಿತಿ ಅಡ್ಡ ಬರುವುದಿಲ್ಲ ಅಂತ ಸೇರಿಸಿತು. ಹಳೆಯ ಪುಸ್ತಕ ಇಲ್ಲಿ ನಿಮ್ಮನ್ನು ಪೂರ್ತಿ ಉಲ್ಟಾ ದಾರಿಗೆ ಕರೆದುಕೊಂಡು ಹೋಗುತ್ತೆ.

ಸಾಧ್ಯವಾದರೆ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಡಿಗ್ಲಾಟ್ ಪ್ರತಿ ತೆಗೆದುಕೊಳ್ಳಿ. ನೀವು ವಾದಪತ್ರ ಕನ್ನಡದಲ್ಲಿ ಬರೆಯುತ್ತೀರಿ ಅಂದುಕೊಳ್ಳುತ್ತೇನೆ. ಸ್ವಾಧೀನ, ಕಬ್ಜಾ, ಅನುಭೋಗ ಈ ಮೂರನ್ನು ಒಂದೇ ಅರ್ಥದಲ್ಲಿ ಕಲಸಿ ಬರೆದ ವಾದಪತ್ರಗಳನ್ನು ನೋಡಿದ್ದೇನೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ.

ಕ್ರಿಮಿನಲ್ ಕಡೆ ಒಂದು ಎಚ್ಚರಿಕೆ. ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ, ಮೂರೂ 2024ರ ಜುಲೈ 1ರಿಂದ ಜಾರಿಯಲ್ಲಿವೆ. 511 ಕಲಮಿನ ದಂಡ ಸಂಹಿತೆ ಹೋಗಿ 358 ಕಲಂ ಬಂತು. ಕೊಲೆಯ 302 ಈಗ 103. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ನಿರೀಕ್ಷಣಾ ಜಾಮೀನಿನ 438 ಈಗ ನಾಗರಿಕ ಸುರಕ್ಷಾ ಸಂಹಿತೆಯ 482. ಹಳೆಯ 482, ಹೈಕೋರ್ಟಿನ ಅಂತರ್ಗತ ಅಧಿಕಾರ, ಈಗ 528. ಒಂದೇ ಸಂಖ್ಯೆ ಎರಡು ಅರ್ಥ ಕೊಡುವ ಕಾಲ ಇದು. ಹೊಸ ಕಾಮೆಂಟರಿಗಳಲ್ಲಿ ಕೆಲವು ಹಳೆಯ ಪುಸ್ತಕಕ್ಕೇ ಹೊಸ ಸಂಖ್ಯೆ ಅಂಟಿಸಿದವು. ಹೇಗೆ ಗೊತ್ತಾಗುತ್ತೆ? ನ್ಯಾಯ ಸಂಹಿತೆಯ ಕಲಂ 69, 111, 304 ತೆರೆಯಿರಿ. ಮೋಸದ ಮಾತು ಕೊಟ್ಟು ಲೈಂಗಿಕ ಸಂಪರ್ಕ, ಸಂಘಟಿತ ಅಪರಾಧ, ಕಿತ್ತುಕೊಂಡು ಹೋಗುವುದು. ಇವು ಹಳೆಯ ದಂಡ ಸಂಹಿತೆಯಲ್ಲಿ ಹೀಗೆ ಬೇರೆ ಕಲಮಾಗಿ ಇರಲಿಲ್ಲ. ಅಲ್ಲಿ ಲೇಖಕರು ತಾವಾಗಿ ಯೋಚಿಸಿ ಬರೆದಿದ್ದಾರೋ, ಕಲಂ ಅಚ್ಚು ಹಾಕಿ ಮುಂದೆ ಹೋಗಿದ್ದಾರೋ, ಎರಡು ನಿಮಿಷದಲ್ಲಿ ತಿಳಿಯುತ್ತೆ. ಹಾಗಂತ ಹಳೆಯ ದಂಡ ಸಂಹಿತೆಯ ಕಾಮೆಂಟರಿ ಎಸೆಯಬೇಡಿ. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಗಳಿಗೆ ಇನ್ನೂ ಹಳೆಯದೇ ಅನ್ವಯಿಸುತ್ತೆ. ಆ ಕೇಸುಗಳು ಇನ್ನೂ ಹಲವು ವರ್ಷ ನಡೆಯುತ್ತವೆ.

ಬೇರ್ ಆ್ಯಕ್ಟ್‌ನ ಕೊನೆಯ ಪುಟಗಳನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊಸ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಮೊಬೈಲ್ ರೆಕಾರ್ಡಿಂಗ್, ವಾಟ್ಸ್‌ಆ್ಯಪ್ ಸಂದೇಶ ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಅದರ ನಮೂನೆ ಇರುವುದು ಅನುಸೂಚಿಯಲ್ಲಿ, ಎರಡು ಭಾಗದಲ್ಲಿ. ಒಂದನ್ನು ಪಕ್ಷಗಾರರು ತುಂಬಬೇಕು, ಇನ್ನೊಂದನ್ನು ತಜ್ಞರು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವನ್ನೇ ಟೈಪ್ ಮಾಡಿಸಿಕೊಂಡು ಬರುವವರು ಆ ಕೊನೆಯ ಪುಟ ತಿರುಗಿಸದವರು.

ಈಗ ವಿದ್ವತ್ ಗ್ರಂಥ. ಇವುಗಳ ಗುಣ ಏನೆಂದರೆ, ಲೇಖಕರು ತೀರ್ಪನ್ನು ವರದಿ ಮಾಡುವುದಿಲ್ಲ, ಅದರ ಜೊತೆ ವಾದ ಮಾಡುತ್ತಾರೆ. ಎಚ್. ಎಂ. ಸೀರ್ವಾಯಿ ಅವರ ಸಂವಿಧಾನ ಗ್ರಂಥ 1967ರಲ್ಲಿ ಮೊದಲು ಬಂತು. 1973ರ ಕೇಶವಾನಂದ ಭಾರತಿ ಕೇಸಿನಲ್ಲಿ, ನಮ್ಮ ಎಡನೀರು ಮಠದ ಸ್ವಾಮೀಜಿಯವರ ಕೇಸದು, ಸೀರ್ವಾಯಿ ಕೇರಳ ಸರ್ಕಾರದ ಪರ ನಿಂತು, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿ ಇಲ್ಲ ಅಂತ ವಾದಿಸಿದ್ದರು. 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ಒಪ್ಪಲಿಲ್ಲ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಅಂದರು. ಆಮೇಲೆ ತಮ್ಮ ಗ್ರಂಥದ ಮುಂದಿನ ಆವೃತ್ತಿಯಲ್ಲಿ ಸೀರ್ವಾಯಿ ತಮ್ಮ ಅಭಿಪ್ರಾಯ ಬದಲಿಸಿಕೊಂಡು, ಮೂಲ ರಚನೆಯ ಸಿದ್ಧಾಂತವೇ ಸರಿ ಅಂತ ಕಾರಣ ಕೊಟ್ಟು ಬರೆದರು. ತಾನೇ ವಾದಿಸಿದ್ದನ್ನು ತಾನೇ ಪರೀಕ್ಷೆಗೆ ಹಚ್ಚಿ ಬಿಟ್ಟುಕೊಡುವ ಆ ಬರಹ ಓದಿದರೆ ವಕೀಲರಿಗೆ ಏನು ಬರಬೇಕೋ ಅದು ಬರುತ್ತೆ. ಎದುರು ಪಕ್ಷದ ವಾದವನ್ನು ಅದರ ಪೂರ್ತಿ ಬಲದಲ್ಲಿ ನೋಡುವ ಕಣ್ಣು.

ಹಾಗಂತ ಆ ಮೂರು ಸಂಪುಟ ಈಗ ಕೊಳ್ಳಬೇಡಿ. ನಿಮ್ಮ ಕೋರ್ಟಿನ ಕೆಲಸಕ್ಕೆ ಅದು ಅಪರೂಪಕ್ಕೆ ಬೇಕಾಗುತ್ತೆ. ಅವರು ತೀರಿಕೊಂಡದ್ದು 1996ರಲ್ಲಿ, ಆಮೇಲಿನ ಕಾನೂನು ಅದರಲ್ಲಿಲ್ಲ. ಜಿಲ್ಲಾ ವಕೀಲರ ಸಂಘದ ಗ್ರಂಥಾಲಯದಲ್ಲೋ ಕಾನೂನು ಕಾಲೇಜಿನಲ್ಲೋ ಕೂತು ಓದಿ. ಕೊಳ್ಳುವುದಾದರೆ ನಿಮ್ಮ ಕೆಲಸಕ್ಕೆ ಹತ್ತಿರದ ವಿಷಯದಲ್ಲಿ, ಹಿಂದೂ ಕುಟುಂಬದ ಕಾನೂನೋ ಸಾಕ್ಷ್ಯದ ತತ್ವವೋ, ಒಂದು ಗ್ರಂಥ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ. ಇಂಥ ಪುಸ್ತಕಕ್ಕೆ ವಯಸ್ಸಾದರೂ ಬೆಲೆ ಹೋಗುವುದಿಲ್ಲ. ನಿವೃತ್ತರಾದ ವಕೀಲರ ಮನೆಗಳಲ್ಲಿ ಕೇಳಿ ನೋಡಿ, ಬೆಲೆಗಿಂತ ಪ್ರೀತಿಯಿಂದ ಕೊಡುತ್ತಾರೆ. ಹಳೆಯ ಸೀನಿಯರ್ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ ಪ್ರತಿ ಸಿಕ್ಕರೆ ಅದು ಹೊಸದಕ್ಕಿಂತ ಮೇಲು. ದಿನಕ್ಕೆ ಹತ್ತು ಪುಟ. ಕೇಸಿಗೆ ಸಂಬಂಧ ಇರಲಿ ಬಿಡಲಿ.

ಮೊಬೈಲ್ ಸಾಕು ಅನ್ನುವ ನಿಮ್ಮ ಜೊತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ತಾಣದಲ್ಲಿ, ರಾಜ್ಯದವು ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. 2023ರ ಜನವರಿಯಿಂದ ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳೂ ಇ-ಎಸ್‌ಸಿಆರ್ ಮೂಲಕ ಪುಕ್ಕಟೆ. ಅದಕ್ಕೇ ನಾನು ಡೈಜೆಸ್ಟ್ ಮತ್ತು ಲಾ ರಿಪೋರ್ಟುಗಳ ಸೆಟ್ಟಿಗೆ ಒಂದು ರೂಪಾಯಿಯನ್ನೂ ಹಾಕಿ ಅಂತ ಹೇಳುತ್ತಿಲ್ಲ. ಆದರೆ ಹುಡುಕಾಟಕ್ಕೆ ಶಬ್ದ ಬೇಕು. ಅಪ್ರತಿಬಂಧ ದಾಯ ಅನ್ನುವ ಮಾತೇ ಗೊತ್ತಿಲ್ಲದವರು ಅದನ್ನು ಟೈಪ್ ಮಾಡುವುದು ಹೇಗೆ? ಇನ್ನು ಎಐ ಕೊಟ್ಟ ಸೈಟೇಷನ್‌ಗಳನ್ನು ನೋಡದೆ ಹಾಕಬೇಡಿ. 2025ರಲ್ಲಿ ಬೆಂಗಳೂರಿನ ಒಂದು ಸಿವಿಲ್ ಕೋರ್ಟಿನ ಆದೇಶದಲ್ಲಿ ಇಲ್ಲವೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಕಾಣಿಸಿಕೊಂಡದ್ದನ್ನು ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು.

ದುಡ್ಡಿನ ಲೆಕ್ಕ ಹೀಗೆ ಮಾಡಿ. ಬೇರ್ ಆ್ಯಕ್ಟ್ ಮತ್ತು ಕರ್ನಾಟಕದ ಪುಸ್ತಕಗಳಿಗೆ ಏಳೆಂಟು ಸಾವಿರ ಇಡಿ. ಹಿಂದೂ ಕಾನೂನಿನ ಒಂದು ಒಳ್ಳೆಯ, 2020ರ ನಂತರದ ಕಾಮೆಂಟರಿಗೆ ನಾಲ್ಕೈದು ಸಾವಿರ. ಚೆಕ್ ಬೌನ್ಸಿಗೆ ಒಂದು ಸಣ್ಣ ಪುಸ್ತಕ, ಸೆಕೆಂಡ್ ಹ್ಯಾಂಡ್ ವಿದ್ವತ್ ಗ್ರಂಥ ಒಂದು. ಉಳಿದದ್ದನ್ನು ಮುಟ್ಟಬೇಡಿ. ಮುಂದಿನ ವರ್ಷ ಬೇರ್ ಆ್ಯಕ್ಟ್‌ಗಳನ್ನು ಬದಲಿಸಲು ಅದು ಬೇಕು. ದೊಡ್ಡ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಟ್ಟು ನಿಮ್ಮ ಸೀನಿಯರ್ ಕಚೇರಿಯಲ್ಲೋ ಸಂಘದಲ್ಲೋ ಇದ್ದರೆ ಸದ್ಯಕ್ಕೆ ಅದೇ ಸಾಕು.

ಆದರೂ ಏಜೆಂಟ್ ಮತ್ತೆ ಬಂದರೆ ಸುಮ್ನೆ ಬೇಡ ಅಂತ ಕಳಿಸಬೇಡಿ. ಪುಸ್ತಕ ಕೈಗೆ ತೆಗೆದುಕೊಂಡು ನೋಡಿ, ಅದಕ್ಕೆ ದುಡ್ಡಿಲ್ಲ. ಮುಖಪುಟದ ಇಸವಿ ನೋಡಿ ಬಿಡಬೇಡಿ, ಒಳಗಿನ ಪುಟದಲ್ಲಿ ಅದು ಹೊಸ ಆವೃತ್ತಿಯೋ ಬರೀ ಮರುಮುದ್ರಣವೋ ಓದಿ. ಆಮೇಲೆ ಆರ್ಡರ್ 8 ರೂಲ್ 1 ತೆರೆಯಿರಿ. 2005ರ ತೀರ್ಪು, 2015ರ 120 ದಿನ, ಎರಡೂ ಎಲ್ಲಿ ಯಾವುದು ಅನ್ವಯ ಅಂತ ಬಿಡಿಸಿ ಬರೆದಿದೆಯಾ ನೋಡಿ. ಚೆಕ್ ಬೌನ್ಸಿನ ಪುಸ್ತಕ ತೋರಿಸಿದರೆ, ಕೇಸು ಯಾವ ಊರಿನಲ್ಲಿ ಹಾಕಬೇಕು ಅನ್ನುವುದಕ್ಕೆ 2014ರ ತೀರ್ಪಿನಲ್ಲೇ ನಿಂತಿದೆಯಾ, ಅದನ್ನು ಬದಲಿಸಿದ 2015ರ ತಿದ್ದುಪಡಿಯ ಕಲಂ 142(2) ಹೇಳಿದೆಯಾ ನೋಡಿ. 143ಎ ಮಧ್ಯಂತರ ಪರಿಹಾರ ಕಡ್ಡಾಯವಲ್ಲ ಅನ್ನುವ 2024ರ ಸುಪ್ರೀಂ ಕೋರ್ಟ್ ತೀರ್ಪೂ ಅದರಲ್ಲಿದ್ದರೆ ಬೆಲೆ ಕೇಳಿ. ಇಲ್ಲದಿದ್ದರೆ ಹೊಸ ಆವೃತ್ತಿ ಯಾವಾಗ ಬರುತ್ತೆ ಅಂತ ಕೇಳಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.